ಹಾಡು ಒಬ್ಬಂದು, ಬ್ಯಾಂಡು ಯಾರದ್ದು?

ವೀಕ್ಷಕರೇ, ಇವತ್ತು ರಾಜಕೀಯ ಬೇಡ. ಹಾಡಿನ ವಿಷಯ ಮಾತಾಡೋಣ. ಹಾಡು ಅಂದ ತಕ್ಷಣ ಇದು ಮನರಂಜನೆ ಅಂತ ರಿಮೋಟ್ ಕೈಗೆತ್ತಿಕೊಳ್ಳಬೇಡಿ. ಇದರಲ್ಲಿ ಹೆಸರಿದೆ, ದುಡ್ಡಿದೆ, ಸ್ನೇಹ ಇದೆ, ಸ್ನೇಹ ಮುರಿದು ಬೀಳೋದೂ ಇದೆ.

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನಲ್ಲಿ ಶಿರವಾಳ ಅಂತ ಊರಿದೆ. ಹಳೇ ಕಾಲದ ಕಲ್ಲಿನ ಗುಡಿಗಳಿಗೆ ಹೆಸರಾದ ಊರು. ಅಂಥ ಊರಿನಲ್ಲಿ ಇವತ್ತು ಒಬ್ಬ ಹುಡುಗ ಇದ್ದಾನೆ ಅಂದ್ಕೊಳ್ಳಿ. ಕೈಯಲ್ಲೊಂದು ಮೊಬೈಲು, ಮನೆಯಲ್ಲೊಂದು ಹಳೇ ಪೇಟಿ. ಅಜ್ಜ ಹಾಡುತ್ತಿದ್ದ ತತ್ವಪದವನ್ನೇ ತಗೊಂಡು, ಮೊಬೈಲಿನಲ್ಲೇ ತಾಳ ಹಾಕಿ, ತನ್ನದೇ ದನಿಯನ್ನ ಎರಡು ಮೂರು ಸಲ ಮೇಲಿಂದ ಮೇಲೆ ಸೇರಿಸಿ, ಒಂದು ಹಾಡು ಮಾಡಿ ಹಾಕ್ತಾನೆ. ಹಾಡು ಓಡುತ್ತೆ. ಪಕ್ಕದೂರಿನ ಜಾತ್ರೆಯವರು ಫೋನ್ ಮಾಡ್ತಾರೆ: 'ತಮ್ಮಾ, ನಮ್ಮೂರ ಜಾತ್ರಿಗೆ ಬಂದು ಹಾಡ್ತೀಯೇನು?' ಅಲ್ಲಿಂದ ಶುರು ಆಗುತ್ತೆ ನೋಡಿ ನಿಜವಾದ ಕಥೆ. ಮೊಬೈಲಿನಲ್ಲಿ ಒಬ್ಬನೇ ಐದು ಜನ ಆಗಬಹುದು. ವೇದಿಕೆ ಮೇಲೆ ಆಗಲ್ಲ. ಅಲ್ಲಿ ಇರೋದು ಎರಡೇ ಕೈ, ಒಂದೇ ಬಾಯಿ.

ಒಬ್ಬರ ಪ್ರಯೋಗ ನಾಲ್ಕಾರು ಜನರ ತಂಡ ಆಗೋದು ಹೀಗೆ. ಜಗತ್ತಿನ ದೊಡ್ಡ ದೊಡ್ಡ ಬ್ಯಾಂಡುಗಳ ಕಥೆಯೂ ಇದೇ, ನಮ್ಮ ಹಳ್ಳಿಯ ಭಜನಾ ಮೇಳದ ಕಥೆಯೂ ಇದೇ. ನಮ್ಮ ಕಡೆ ಬ್ಯಾಂಡ್ ಅಂದ್ರೆ ಮದುವೆ ಮೆರವಣಿಗೆಯ ಬ್ಯಾಂಡ್ ಬಾಜಾ ನೆನಪಾಗುತ್ತೆ. ಅದಲ್ಲ. ತಮ್ಮದೇ ಹಾಡು ಕಟ್ಟಿ ತಾವೇ ನುಡಿಸುವ ತಂಡ ಅಂತ ಇಟ್ಟುಕೊಳ್ಳಿ.

ಮೊದಲು ನಮ್ಮ ನಾಡಿನದೇ ಉದಾಹರಣೆ. ರಘು ದೀಕ್ಷಿತ್. ಹೆಸರು ಕೇಳಿದ್ದೀರಿ, ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಗಿಟಾರ್ ಹಿಡಿದು ಕುಣಿಯೋದನ್ನ ನೋಡಿದ್ದೀರಿ. ಹುಟ್ಟಿದ್ದು 1974ರಲ್ಲಿ ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಕಲಿತದ್ದು ಭರತನಾಟ್ಯ. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಅದೂ ಮೈಸೂರು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ. ಗಿಟಾರ್ ಯಾರೂ ಕೂರಿಸಿ ಕಲಿಸಲಿಲ್ಲ. ಕಾಲೇಜಿನಲ್ಲಿ ಸಹಪಾಠಿಯೊಬ್ಬ ಹಾಕಿದ ಸವಾಲಿಗೆ ಗಿಟಾರ್ ಹಿಡಿದೆ ಅಂತ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

1990ರ ದಶಕದ ಕೊನೆಗೆ ಮೈಸೂರಿನಲ್ಲಿ 'ಅಂತರಾಗ್ನಿ' ಅಂತ ಒಂದು ತಂಡ ಕಟ್ಟಿದರು. ಪಿಟೀಲಿಗೆ ಎಚ್.ಎನ್. ಭಾಸ್ಕರ್. ಆ ತಂಡ ಉಳಿಯಲಿಲ್ಲ. ತಂಡ ಚದುರಿದ ಮೇಲೆ ರಘು ಏನು ಮಾಡಿದರು? ಇನ್ನೊಂದು ತಂಡಕ್ಕೆ ಇನ್ನೊಂದು ಹೆಸರು ಇಡಲಿಲ್ಲ. ತಮ್ಮದೇ ಹೆಸರಿನ ಮುಂದೆ 'ಪ್ರಾಜೆಕ್ಟ್' ಅಂತ ಸೇರಿಸಿದರು. ದಿ ರಘು ದೀಕ್ಷಿತ್ ಪ್ರಾಜೆಕ್ಟ್.

ಈ 'ಪ್ರಾಜೆಕ್ಟ್' ಅನ್ನೋ ಪದ ಸ್ವಲ್ಪ ಬಿಡಿಸಿ ನೋಡೋಣ. ಬ್ಯಾಂಡ್ ಅಂದ್ರೆ ಮದುವೆ ಇದ್ದ ಹಾಗೆ. ಒಬ್ಬರು ಎದ್ದು ಹೋದರೆ ಮನೆಯೇ ಅಲ್ಲಾಡುತ್ತೆ. ಪ್ರಾಜೆಕ್ಟ್ ಅಂದ್ರೆ ಬಾಗಿಲು ತೆರೆದಿಟ್ಟ ಛತ್ರ. ಬರುವವರು ಬರಬಹುದು, ನುಡಿಸಬಹುದು, ಹೊರಡುವವರು ಹೊರಡಬಹುದು, ಒಲೆ ಮಾತ್ರ ಆರಲ್ಲ. ಬೇರೆ ಬೇರೆ ಶೈಲಿಯ ಕಲಾವಿದರು ಬಂದು ಸೇರುವ ತೆರೆದ ಮನೆ ಅಂತಲೇ ಅದನ್ನ ಅವರು ಪರಿಚಯಿಸಿದ್ದು. ಒಂದು ತಂಡ ಕೈತಪ್ಪಿದವನಿಗೆ ಇದು ಎಷ್ಟು ಜಾಣ ಲೆಕ್ಕಾಚಾರ ಅಂತ ಯೋಚನೆ ಮಾಡಿ.

ಆದ್ರೆ ಹಾಡು ಕೇಳುವವರು ಎಲ್ಲಿ? ಕ್ಯಾಸೆಟ್ ಕಂಪನಿಗಳು ವರ್ಷಗಟ್ಟಲೆ ಬಾಗಿಲು ತೆಗೆಯಲಿಲ್ಲ. ಕನ್ನಡ ಹಾಡು, ಹಿಂದಿ ಹಾಡು, ಷರೀಫರ ಪದ, ಗಿಟಾರು, ಪಿಟೀಲು ಎಲ್ಲಾ ಒಂದೇ ಕಡೆ ಇದ್ದರೆ ಅಂಗಡಿಯಲ್ಲಿ ಯಾವ ಸಾಲಿನಲ್ಲಿ ಇಡೋದು? ಮಾರುವವರ ತಲೆನೋವು ಅದು. ಕೊನೆಗೆ ಮುಂಬೈನ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ ಅವರ ಹಾಡು ಕೇಳಿ, ತಮ್ಮದೇ ಸಂಸ್ಥೆಯಿಂದ 2008ರಲ್ಲಿ ಮೊದಲ ಆಲ್ಬಂ ತಂದರು. ಆಲ್ಬಂನ ಹೆಸರೇನು ಗೊತ್ತಾ? ಅಂತರಾಗ್ನಿ. ಮುರಿದು ಬಿದ್ದ ತಂಡದ ಹೆಸರು ಒಬ್ಬನ ಪ್ರಯೋಗದ ಮೊದಲ ಆಲ್ಬಂ ಮೇಲೆ ಬಂತು.

ಅಲ್ಲಿಂದ ಮುಂದೆ ಕಥೆ ತಿರುಗುತ್ತೆ. ಆಲ್ಬಂ ಬಂದ ಮೇಲೆ ಕಾರ್ಯಕ್ರಮಗಳು ಬಂದವು. ಕಾರ್ಯಕ್ರಮ ಅಂದ್ರೆ ಪ್ರತಿ ಊರಿಗೂ ಹೊಸ ಡ್ರಮ್ಮರ್ ಹುಡುಕೋಕೆ ಆಗುತ್ತಾ? ಅದೇ ಮುಖಗಳು ಮತ್ತೆ ಮತ್ತೆ ಬಂದವು. ಬೇಸ್ ಗಿಟಾರ್‌ನ ಗೌರವ್ ವಾಜ್ ವರ್ಷಗಟ್ಟಲೆ ಜೊತೆಗಿದ್ದರು. ಛತ್ರಕ್ಕೆ ಬಂದವರು ನಿಧಾನಕ್ಕೆ ಮನೆಯವರಾದರು. 2010ರಲ್ಲಿ ಬಿಬಿಸಿಯ ಹೆಸರಾಂತ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ನಮ್ಮ ಕನ್ನಡದ ಹಾಡುಗಾರ ನಿಂತಾಗ ಜಗತ್ತು ಕಂಡದ್ದು ಒಂದು ತಂಡವನ್ನ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ. ಹೆಸರು ಒಬ್ಬರದು, ಸದ್ದು ಎಲ್ಲರದು.

ಈಗ ಅಮೆರಿಕಕ್ಕೆ ಹೋಗೋಣ. ಅಲ್ಲಿ ಇದೇ ಕಥೆ ತಲೆಕೆಳಗಾಗಿ ನಡೆದಿದೆ.

ನಿರ್ವಾಣ ಅಂತ ಒಂದು ಬ್ಯಾಂಡ್. 1994ರ ಏಪ್ರಿಲ್‌ನಲ್ಲಿ ಅದರ ಹಾಡುಗಾರ ಕರ್ಟ್ ಕೊಬೇನ್ ತೀರಿಕೊಂಡ. ತಂಡ ಅಲ್ಲಿಗೆ ಮುಗೀತು. ಅದರ ಡ್ರಮ್ಮರ್ ಡೇವ್ ಗ್ರೋಲ್ ತಿಂಗಳುಗಟ್ಟಲೆ ಸುಮ್ಮನಿದ್ದು, ಆ ಅಕ್ಟೋಬರ್‌ನಲ್ಲಿ ಸಿಯಾಟಲ್‌ನ ಒಂದು ಸ್ಟುಡಿಯೋಗೆ ಹೋದ. ಒಂದು ವಾರದೊಳಗೆ ಇಡೀ ಆಲ್ಬಂ ಮುಗಿಸಿದ. ಡ್ರಮ್ ಅವನೇ, ಗಿಟಾರ್ ಅವನೇ, ಬೇಸ್ ಅವನೇ, ಹಾಡಿದ್ದೂ ಅವನೇ. ಒಂದೇ ಒಂದು ಹಾಡಿನಲ್ಲಿ ಸ್ನೇಹಿತನೊಬ್ಬ ಗಿಟಾರ್ ನುಡಿಸಿದ, ಅಷ್ಟೇ. ಆಮೇಲೆ ಕ್ಯಾಸೆಟ್ ಮಾಡಿ ಗೆಳೆಯರಿಗೆ ಹಂಚಿದ. ಅದಕ್ಕೆ ಇಟ್ಟ ಹೆಸರು ಫೂ ಫೈಟರ್ಸ್. ಬಹುವಚನ! ಇದು ಒಬ್ಬನ ಕೆಲಸ ಅಂತ ಗೊತ್ತಾಗಬಾರದು, ತಂಡ ಅಂತ ಜನ ಅಂದ್ಕೊಳ್ಳಲಿ ಅಂತ.

ಗಮನಿಸಿದ್ರಾ? ಮೈಸೂರಿನವರು ಹಲವರನ್ನ ಸೇರಿಸಿಕೊಂಡು ಒಬ್ಬರ ಹೆಸರಿಟ್ಟರು. ಅಮೆರಿಕದವನು ಒಬ್ಬನೇ ಕೂತು ಹಲವರ ಹೆಸರಿಟ್ಟ. ಎರಡೂ ಕಡೆ ಹೆಸರು ಒಂದು ಹೇಳ್ತಿತ್ತು, ಒಳಗೆ ನಡೀತಿದ್ದದ್ದು ಇನ್ನೊಂದು. ಮುಂದೆ ಬರುವ ತಾಪತ್ರಯಗಳ ಬೇರು ಇರೋದೇ ಈ ಹೆಸರಿಗೂ ನಿಜಕ್ಕೂ ನಡುವಿನ ಅಂತರದಲ್ಲಿ.

ಗ್ರೋಲ್‌ಗೂ ವೇದಿಕೆ ಕರೆಯಿತು. ಅವನೂ ಜನರನ್ನ ಸೇರಿಸಿಕೊಂಡ. ವಿಲಿಯಂ ಗೋಲ್ಡ್‌ಸ್ಮಿತ್ ಅನ್ನೋ ಡ್ರಮ್ಮರ್ ಬಂದ. ಎರಡನೇ ಆಲ್ಬಂಗೆ ಗೋಲ್ಡ್‌ಸ್ಮಿತ್ ಡ್ರಮ್ ನುಡಿಸಿದ. ಗ್ರೋಲ್‌ಗೆ ಸಮಾಧಾನ ಆಗಲಿಲ್ಲ. ತಾನೇ ಕೂತು ಆ ಡ್ರಮ್ಮನ್ನ ಬಹುಪಾಲು ಮತ್ತೆ ನುಡಿಸಿ ರೆಕಾರ್ಡ್ ಮಾಡಿದ. ಗೋಲ್ಡ್‌ಸ್ಮಿತ್ ತಂಡ ಬಿಟ್ಟು ಹೋದ. ಅದು 1997.

ಇದರಲ್ಲಿ ತಪ್ಪು ಯಾರದು? ಒಂದು ನಿಮಿಷ ಇಬ್ಬರ ಕಡೆಯಿಂದಲೂ ನೋಡಿ. ಗ್ರೋಲ್ ಕಡೆಯಿಂದ: ಹಾಡು ನನ್ನದು, ಅದರ ಸದ್ದು ನನ್ನ ತಲೆಯಲ್ಲಿ ಮೊದಲೇ ಇದೆ, ಹಾಗೆ ಬರಲಿಲ್ಲ ಅಂದ್ರೆ ನಾನೇ ನುಡಿಸ್ತೀನಿ. ಗೋಲ್ಡ್‌ಸ್ಮಿತ್ ಕಡೆಯಿಂದ: ನನ್ನನ್ನ ತಂಡದವನು ಅಂದ್ರಿ, ನನ್ನ ಕೆಲಸವನ್ನೇ ಅಳಿಸಿದ್ರಿ, ಹಾಗಿದ್ರೆ ನಾನು ಯಾರು? ಇಬ್ಬರ ಮಾತೂ ಅವರವರ ಮಟ್ಟಿಗೆ ಸರಿ. ಅದಕ್ಕೇ ಇದು ಕಷ್ಟದ ಪ್ರಶ್ನೆ.

ಒಬ್ಬನೇ ಶುರು ಮಾಡಿದವನಿಗೆ ದಾರಿಯಲ್ಲಿ ಸಿಗೋ ಅತಿ ದೊಡ್ಡ ಗುಡ್ಡ ಇದು. ದುಡ್ಡು ಹೊಂದಿಸೋದು ಕಷ್ಟ ಅಲ್ಲ, ವಾದ್ಯ ಹೊಂದಿಸೋದು ಕಷ್ಟ ಅಲ್ಲ. ತನ್ನ ಹಾಡು ತಾನು ಅಂದ್ಕೊಂಡ ಹಾಗೆ ಇರದೆ, ಇನ್ನೊಬ್ಬನ ಕೈಯಲ್ಲಿ ಸ್ವಲ್ಪ ಬೇರೆ ಆಗೋದನ್ನ ನೋಡ್ಕೊಂಡು ಸುಮ್ಮನಿರೋದು ಕಷ್ಟ. ನನ್ನ ಪ್ರಕಾರ ಬ್ಯಾಂಡ್ ಅನ್ನೋದಕ್ಕೆ ಒಂದೇ ಪರೀಕ್ಷೆ. 'ಅಣ್ಣಾ, ಇದು ಬೇಡ' ಅನ್ನೋ ಹಕ್ಕು ಹಾಡು ಕಟ್ಟಿದವನನ್ನ ಬಿಟ್ಟು ಇನ್ನೊಬ್ಬರಿಗೆ ಇದೆಯಾ? ಇದ್ದರೆ ಅದು ಬ್ಯಾಂಡ್. ಇಲ್ಲದಿದ್ದರೆ ಅದು ಒಬ್ಬ ಹಾಡುಗಾರ ಮತ್ತು ಕೂಲಿಗೆ ಬಂದ ನಾಲ್ಕು ಜನ. ಕೂಲಿಗೆ ಬರೋದು ಅವಮಾನ ಅಲ್ಲ. ಎಷ್ಟೋ ದೊಡ್ಡ ವಾದಕರು ಜೀವನಪೂರ್ತಿ ಹಾಗೇ ನುಡಿಸಿದ್ದಾರೆ. ಕೂಲಿಗೆ ಕರೆದು 'ನಾವೆಲ್ಲಾ ಒಂದೇ ಕುಟುಂಬ' ಅಂತ ಹೇಳೋದಿದೆಯಲ್ಲ, ಅದು ಮೋಸ.

ಇದನ್ನ ನೇರವಾಗಿ ಒಪ್ಪಿಕೊಂಡು ಬದುಕುವವರೂ ಇದ್ದಾರೆ. ಆಸ್ಟ್ರೇಲಿಯಾದ ಕೆವಿನ್ ಪಾರ್ಕರ್ ಅನ್ನೋನು ಟೇಮ್ ಇಂಪಾಲಾ ಅನ್ನೋ ಹೆಸರಿನಲ್ಲಿ ಹಾಡು ಮಾಡ್ತಾನೆ. ಸ್ಟುಡಿಯೋದಲ್ಲಿ ಹೆಚ್ಚುಕಡಿಮೆ ಅವನೊಬ್ಬನೇ. ವೇದಿಕೆ ಮೇಲೆ ಪೂರ್ತಿ ತಂಡ. ಗೋಡೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು.

ಗ್ರೋಲ್ ಕೂಡ ಆಮೇಲೆ ಬದಲಾದ. ಗೋಲ್ಡ್‌ಸ್ಮಿತ್ ಜಾಗಕ್ಕೆ ಟೇಲರ್ ಹಾಕಿನ್ಸ್ ಬಂದ. 25 ವರ್ಷ ಇದ್ದ. 2022ರ ಮಾರ್ಚ್‌ನಲ್ಲಿ ಪ್ರವಾಸದ ನಡುವೆಯೇ ಹಾಕಿನ್ಸ್ ತೀರಿಕೊಂಡಾಗ ತಂಡ ತನ್ನ ಪ್ರವಾಸವನ್ನೇ ರದ್ದು ಮಾಡ್ತು. ತಾನೇ ಡ್ರಮ್ ನುಡಿಸಬಲ್ಲ ಮನುಷ್ಯ, ಒಂದು ಕಾಲದಲ್ಲಿ ಇನ್ನೊಬ್ಬರ ಡ್ರಮ್ ಅಳಿಸಿದ ಮನುಷ್ಯ, ಈಗ ಒಬ್ಬ ಡ್ರಮ್ಮರ್ ಇಲ್ಲ ಅಂತ ಮುಂದೆ ಹೆಜ್ಜೆ ಇಡಲಿಲ್ಲ. ಬಹುವಚನದ ಹೆಸರು ಅಷ್ಟು ಹೊತ್ತಿಗೆ ನಿಜ ಆಗಿತ್ತು.

ಸರಿ, ಅಮೆರಿಕ ಸಾಕು, ಊರಿಗೆ ಬರೋಣ. ಈ ಒಂಟಿ ಹಾಡು, ತಂಡದ ಹಾಡು ಅನ್ನೋ ಲೆಕ್ಕ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಹೊಸದಾ? ಖಂಡಿತ ಅಲ್ಲ.

ಏಕತಾರಿ ಹಿಡಿದ ತತ್ವಪದಕಾರನನ್ನ ನೆನಪು ಮಾಡ್ಕೊಳ್ಳಿ. ಒಂದು ಕೈಯಲ್ಲಿ ಒಂದೇ ತಂತಿಯ ವಾದ್ಯ, ಅದೇ ಶ್ರುತಿ. ಇನ್ನೊಂದು ಕೈಯಲ್ಲಿ ತಾಳ ಅಥವಾ ದಮ್ಮಡಿ. ಬಾಯಲ್ಲಿ ಹಾಡು. ಹಾಡೋನೂ ಅವನೇ, ನುಡಿಸೋನೂ ಅವನೇ. ಪದ ಕಟ್ಟಿದವನೂ ಎಷ್ಟೋ ಸಲ ಅವನೇ. ಪ್ರಯೋಗ ಅಂದ್ರೆ ಅದಕ್ಕಿಂತ ಇನ್ನೇನು ಬೇಕು? ಶಿಶುನಾಳ ಷರೀಫರು ಮುಸ್ಲಿಂ ಮನೆಯಲ್ಲಿ ಹುಟ್ಟಿ, ಬ್ರಾಹ್ಮಣ ಗುರು ಗೋವಿಂದಭಟ್ಟರ ಶಿಷ್ಯರಾಗಿ, ಮನೆ, ಮಗ್ಗ, ಸಂತೆಯ ಮಾತಿನಲ್ಲಿ ದೊಡ್ಡ ತತ್ವ ಹೇಳಿದರು. ಅದು 19ನೇ ಶತಮಾನ. ಈ ಭಾಗದವರೇ ಆದ ಕಡಕೋಳ ಮಡಿವಾಳಪ್ಪನವರನ್ನ ನೋಡಿ. ಅವರ ಶಿಷ್ಯ ಪರಂಪರೆಯಲ್ಲಿ ಚೆನ್ನೂರು ಜಲಾಲ ಸಾಹೇಬರಿದ್ದಾರೆ, ಖೈನೂರು ಕೃಷ್ಣಪ್ಪನವರಿದ್ದಾರೆ, ರಾಮಪುರದ ಬಕ್ಕಪ್ಪನವರಿದ್ದಾರೆ. ಜಾತಿ ಧರ್ಮದ ಗೋಡೆ ದಾಟಿದ ಬಳಗ ಅದು.

ಆ ಒಂಟಿ ದನಿ ಆಮೇಲೆ ಏನಾಯ್ತು? ಭಜನಾ ಮೇಳ ಆಯ್ತು. ಗುಡಿಯ ಕಟ್ಟೆ ಮೇಲೆ, ಮಠದ ಪಡಸಾಲೆಯಲ್ಲಿ ಪೇಟಿ ಬಂತು, ತಬಲಾ ಬಂತು, ತಾಳದವರು ಬಂದರು. ಮುಂದೆ ಒಬ್ಬ ಹಾಡಿದರೆ ಹಿಂದೆ ನಾಲ್ಕು ಜನ ಎತ್ತಿಕೊಳ್ತಾರೆ. ಅದೇ ಮುಮ್ಮೇಳ, ಅದೇ ಹಿಮ್ಮೇಳ. ಯಾರೂ ಇದನ್ನ ಬ್ಯಾಂಡ್ ಅನ್ನಲಿಲ್ಲ, ಅಷ್ಟೇ.

ಈ ಪರಂಪರೆ ಒಂದು ಜಗಳವನ್ನ ಬಹಳ ಚಂದ ಬಗೆಹರಿಸಿಕೊಂಡಿತ್ತು. ಹೆಸರಿನ ಜಗಳ. ಹೇಗೆ? ಅಂಕಿತದಿಂದ. ಷರೀಫರ ಪದದ ಕೊನೆಗೆ ಶಿಶುನಾಳಧೀಶ ಬರುತ್ತಾನೆ. ಯಾರೇ ಹಾಡಲಿ, ಯಾವ ಊರಲ್ಲೇ ಹಾಡಲಿ, ಎಷ್ಟು ಜನ ಸೇರಿ ಹಾಡಲಿ, ಪದ ಕಟ್ಟಿದವನ ಗುರುತು ಹಾಡಿನ ಒಳಗೇ ಹೊಲಿದಿದೆ. ಕಿತ್ತು ಹಾಕಿದರೆ ಹಾಡೇ ಅಪೂರ್ಣ. ಹೀಗಾಗಿ ಕಟ್ಟಿದವನ ಹೆಸರು ಉಳೀತು, ಹಾಡುವವರಿಗೆ ಸ್ವಾತಂತ್ರ್ಯವೂ ಉಳೀತು. ರಾಗ ಬದಲಾದರೂ ಪರವಾಗಿಲ್ಲ, ಮೇಳದ ಜನ ಬದಲಾದರೂ ಪರವಾಗಿಲ್ಲ. ಅದೇ ಕಾರಣಕ್ಕೆ ಷರೀಫರ ಪದಗಳು ಭಜನೆಯ ಕಟ್ಟೆಯಿಂದ ಸಿ. ಅಶ್ವತ್ಥ್ ಅವರ ಕಂಠಕ್ಕೆ, ಅಲ್ಲಿಂದ ರಘು ದೀಕ್ಷಿತ್ ಗಿಟಾರ್‌ಗೆ ಬಂದವು. ಹಾಡು ಸವೆಯಲಿಲ್ಲ.

ಆದ್ರೆ ಅಂಕಿತ ಒಂದನ್ನ ಬಗೆಹರಿಸಲಿಲ್ಲ. ದುಡ್ಡನ್ನ. ಯಾಕಂದ್ರೆ ಆಗ ಅದರಲ್ಲಿ ದುಡ್ಡೇ ಇರಲಿಲ್ಲ. ಭಜನೆ ಮುಗಿದ ಮೇಲೆ ಚಹಾ, ಹಬ್ಬದ ದಿನ ಊಟ, ಬಹಳ ಆಯ್ತು ಅಂದ್ರೆ ಒಂದು ಶಾಲು. ಈಗ ಹಾಗಲ್ಲ. ಜಾತ್ರೆ ಕಾರ್ಯಕ್ರಮಕ್ಕೆ ದುಡ್ಡಿದೆ, ಯೂಟ್ಯೂಬ್‌ನಲ್ಲಿ ದುಡ್ಡಿದೆ, ಸಿನಿಮಾದವರು ತಗೊಂಡರೆ ಇನ್ನೂ ದುಡ್ಡಿದೆ. ಅದಕ್ಕೇ ನಮ್ಮ ಶಿರವಾಳದ ಹುಡುಗ ಕಾನೂನು ಸ್ವಲ್ಪ ತಿಳ್ಕೊಳ್ಳಲೇಬೇಕು. ಕಷ್ಟ ಏನಿಲ್ಲ, ಸರಳವಾಗಿ ಹೇಳ್ತೀನಿ.

ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಅದರ ಕಣ್ಣಿಗೆ ಒಂದು ಹಾಡು ಒಂದೇ ವಸ್ತು ಅಲ್ಲ. ಪದ ಒಂದು, ರಾಗ ಒಂದು, ರೆಕಾರ್ಡಿಂಗ್ ಇನ್ನೊಂದು. ಪದ ಬರೆದವನ ಹಕ್ಕು, ರಾಗ ಹಾಕಿದವನ ಹಕ್ಕು ಅವರು ಬದುಕಿರೋ ತನಕ ಮತ್ತು ತೀರಿಕೊಂಡ ಮೇಲೆ 60 ವರ್ಷ ಇರುತ್ತೆ. ರೆಕಾರ್ಡಿಂಗ್‌ನ ಹಕ್ಕು ಅದನ್ನ ಮಾಡಿಸಿದವರದು, ಅದು ಬಿಡುಗಡೆಯಾದ ಮೇಲೆ 60 ವರ್ಷ. ಇದರ ಜೊತೆಗೆ ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶನದ ಹಕ್ಕು ಅಂತ ಬೇರೆ ಇದೆ. 2012ರ ತಿದ್ದುಪಡಿ ಆದಮೇಲೆ ಇದು ಇನ್ನಷ್ಟು ಗಟ್ಟಿಯಾಗಿದೆ.

ಹಾಗಾದ್ರೆ ಷರೀಫರ ಪದ? 1889ರಲ್ಲಿ ತೀರಿಕೊಂಡವರ ಪದ ಈಗ ಎಲ್ಲರ ಸ್ವತ್ತು. ಯಾರು ಬೇಕಾದರೂ ಹಾಡಬಹುದು. ಆದ್ರೆ ಅದೇ ಪದಕ್ಕೆ ಅಶ್ವತ್ಥ್ ಹಾಕಿದ ರಾಗ? ಅಶ್ವತ್ಥ್ ತೀರಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ. ಆ ರಾಗದ ಹಕ್ಕಿಗೆ ಇನ್ನೂ ಜೀವ ಇದೆ. ಹಾಗಾಗಿ ಪದ ಹಳೇದು ಅಂತ ಬೇರೆಯವರ ರಾಗ ಎತ್ತಿ ದುಡ್ಡು ಮಾಡೋ ಮುಂಚೆ ಯೋಚಿಸಿ. ಅಜ್ಜ ಹಾಡುತ್ತಿದ್ದ ಮಟ್ಟು ಇದ್ದರೆ ಅದನ್ನೇ ಹಾಡಿ. ಅದು ಇನ್ನೂ ಚಂದ.

ಈಗ ತಂಡದ ವಿಷಯ. 1932ರ ಪಾಲುದಾರಿಕೆ ಕಾಯ್ದೆ ಏನು ಹೇಳುತ್ತೆ ಗೊತ್ತಾ? ಪಾಲುದಾರರ ನಡುವೆ ಬೇರೆ ಒಪ್ಪಂದ ಇಲ್ಲ ಅಂದ್ರೆ ಲಾಭವೂ ಸಮಪಾಲು, ನಷ್ಟವೂ ಸಮಪಾಲು. ನೀನು ಹತ್ತು ವರ್ಷ ಒಬ್ಬನೇ ಕೂತು ಹಾಡು ಕಟ್ಟಿರಬಹುದು. ನಾವೆಲ್ಲಾ ಪಾಲುದಾರರು ಅಂತ ಬಾಯಲ್ಲಿ ಹೇಳಿ, ಕಾಗದದಲ್ಲಿ ಏನೂ ಬರೀದೇ ಇದ್ದರೆ, ನಾಳೆ ಜಗಳ ಬಂದಾಗ ಈ ಪ್ರಶ್ನೆ ಎದ್ದೇ ಏಳುತ್ತೆ. ಅದೇ ರೀತಿ ತಬಲಾ ನುಡಿಸೋ ಹುಡುಗನಿಗೂ ಅಪಾಯ ಇದೆ. ಐದು ವರ್ಷ ಬಸ್ಸು ಟೆಂಪೋ ಅಂತ ಓಡಾಡಿ, ಕೊನೆಗೆ 'ನೀನು ಯಾರು?' ಅಂತ ಕೇಳಿಸಿಕೊಂಡರೆ ಅವನ ಹತ್ತಿರ ತೋರಿಸೋಕೆ ಒಂದು ಚೀಟಿಯೂ ಇರಲ್ಲ.

ಒಂದು ಲೆಕ್ಕ ನೋಡೋಣ. ಜಾತ್ರೆಯವರು 20,000 ರೂಪಾಯಿ ಕೊಟ್ಟರು ಅಂದ್ಕೊಳ್ಳಿ. ಗಾಡಿಗೆ 4,000, ಮೈಕ್ ಸೆಟ್ಟಿಗೆ 4,000 ಹೋಯ್ತು. ಉಳಿದದ್ದು 12,000. ತಂಡದಲ್ಲಿ ಐದು ಜನ. ಆರು ಪಾಲು ಮಾಡಿ, ಒಂದೊಂದು 2,000. ಐದು ಪಾಲು ಐದು ಜನಕ್ಕೆ. ಆರನೇ ಪಾಲು ಹಾಡಿಗೆ, ಅಂದ್ರೆ ಹಾಡು ಕಟ್ಟಿದವನಿಗೆ. ಆಗ ಕಟ್ಟಿದವನಿಗೆ 4,000, ಉಳಿದವರಿಗೆ ತಲಾ 2,000. ಇದೇ ಸರಿ ಅಂತ ನಾನು ಹೇಳ್ತಿಲ್ಲ. ಹೊಸ ಹಾಡನ್ನ ಎಲ್ಲರೂ ಕೂತು ಕಟ್ಟಿದ ದಿನ ಆ ಆರನೇ ಪಾಲನ್ನೂ ಹಂಚಬೇಕಾಗುತ್ತೆ. ಲೆಕ್ಕ ಯಾವುದಾದರೂ ಇರಲಿ, ಮೊದಲ ಕಾರ್ಯಕ್ರಮಕ್ಕೆ ಮುಂಚೆ ಆಗಬೇಕು. ದುಡ್ಡು ಕೈಗೆ ಬಂದ ಮೇಲೆ ಆಗೋ ಲೆಕ್ಕ ಲೆಕ್ಕ ಅಲ್ಲ, ಜಗಳ.

ಇನ್ನೊಂದು ಮಾತು ಕೇಳ್ತೀನಿ. ಯೂಟ್ಯೂಬ್ ಚಾನೆಲ್‌ನ ಪಾಸ್‌ವರ್ಡ್ ಯಾರ ಹತ್ತಿರ ಇದೆ? ಬ್ಯಾಂಕ್ ಖಾತೆ ಯಾರ ಹೆಸರಲ್ಲಿದೆ? ತಂಡ ಮುರಿದರೆ ಹೆಸರು ಯಾರಿಗೆ? ಈ ಮೂರು ಪ್ರಶ್ನೆಗೆ ಉತ್ತರ ಬರೆದು ಎಲ್ಲರೂ ಸಹಿ ಹಾಕಿದ ಒಂದು ಹಾಳೆ ಸಾಕು. ಪ್ರೀತಿ ಇರೋ ಕಡೆ ಕಾಗದ ಯಾಕೆ ಅಂತೀರಾ? ಅಣ್ಣತಮ್ಮಂದಿರ ಹೊಲಕ್ಕೂ ಪಹಣಿ ಇದೆ ವೀಕ್ಷಕರೇ. ಪಹಣಿ ಇದೆ ಅಂತ ಪ್ರೀತಿ ಕಡಿಮೆ ಆಗಲ್ಲ. ಬದು ಎಲ್ಲಿದೆ ಅಂತ ಗೊತ್ತಿರೋ ಕಡೆಯೇ ಅಕ್ಕಪಕ್ಕದವರು ನೆಮ್ಮದಿಯಿಂದ ಉಳುಮೆ ಮಾಡೋದು.

ಕೆಲವರು ಕೇಳಬಹುದು, ಇಷ್ಟೆಲ್ಲಾ ರಗಳೆ ಇದ್ರೆ ಒಬ್ಬನೇ ಇದ್ದುಬಿಡಬಾರದಾ? ಮೊಬೈಲ್ ಇದೆ, ಕಂಪ್ಯೂಟರ್ ಇದೆ, ತಬಲಾದ ಸದ್ದು ಒಂದು ಗುಂಡಿ ಒತ್ತಿದರೆ ಬರುತ್ತೆ. ಇರಬಹುದು, ತಪ್ಪೇನಿಲ್ಲ. ಆದ್ರೆ ಗುಂಡಿ ಒತ್ತಿದರೆ ಬರೋ ತಬಲಾ ನೀವು ಹೇಳಿದ್ದನ್ನ ಮಾತ್ರ ನುಡಿಸುತ್ತೆ. ನಿಮಗೆ ಗೊತ್ತಿಲ್ಲದ್ದನ್ನ ನುಡಿಸಲ್ಲ. ನೀವು ತಪ್ಪು ಹಾಡಿದರೆ ಕಣ್ಣೆತ್ತಿ ನೋಡಲ್ಲ. ಎದುರಿಗೆ ಜನ ಸಾವಿರ ಇದ್ದಾಗ, ದನಿ ಒಡೆದಾಗ, ಹಿಂದಿನಿಂದ ಪಲ್ಲವಿ ಎತ್ತಿಕೊಂಡು ನಿಮ್ಮನ್ನ ಕಾಪಾಡಲ್ಲ. ಹಿಮ್ಮೇಳ ಇರೋದು ಅದಕ್ಕೆ. ಏಕತಾರಿಯವನು ಒಬ್ಬನೇ ಹಾಡಬಲ್ಲವನಾಗಿದ್ದರೂ ಭಜನೆ ಕಟ್ಟೆಗೆ ಬಂದು ಕೂತದ್ದು ಅದಕ್ಕೆ.

ಹಾಗಾಗಿ ನಮ್ಮ ಹುಡುಗನಿಗೆ ನಾನು ಹೇಳೋದು ಇಷ್ಟೇ. ಒಬ್ಬನೇ ಶುರು ಮಾಡು, ತಡ ಮಾಡಬೇಡ, ಯಾರಿಗೂ ಕಾಯಬೇಡ. ಆದ್ರೆ ಜಾತ್ರೆಯಿಂದ ಫೋನ್ ಬಂದ ದಿನ, ಪೇಟಿಯವನನ್ನ, ತಬಲಾದವನನ್ನ ಕರೆಯೋ ಮುಂಚೆ ಒಂದು ತೀರ್ಮಾನ ಮಾಡ್ಕೋ. ಕೂಲಿಗೆ ಕರೀತಿದ್ದೀಯೋ, ಪಾಲಿಗೆ ಕರೀತಿದ್ದೀಯೋ? ಕೂಲಿ ಆದ್ರೆ ಅವತ್ತೇ ಪೂರ್ತಿ ಕೊಟ್ಟುಬಿಡು. ಪಾಲು ಆದ್ರೆ, ಅವನು 'ಇದು ಬೇಡ' ಅಂದಾಗ ಕೇಳಿಸ್ಕೊಳ್ಳೋಕೆ ಸಿದ್ಧನಾಗಿರು. ಎರಡರಲ್ಲಿ ಯಾವುದನ್ನ ಆರಿಸಿಕೊಂಡರೂ ನಿನ್ನ ಹಾಡಿಗೆ ಕುಂದಿಲ್ಲ. ಎರಡನ್ನೂ ಕಲಸಿದರೆ ಮಾತ್ರ ಮೊದಲು ಗೆಳೆತನ ಹೋಗುತ್ತೆ, ಅದರ ಹಿಂದೆಯೇ ಹಾಡೂ ಹೋಗುತ್ತೆ.